ಕನ್ನಡ ಪೇಜ್ ಇದ್ರೂ ಇಂಗ್ಲಿಷ್ ಯಾಕ ತೆರೀತೈತಿ? ಸರ್ವರ್‌ಗೆ ಭಾಷಾ ಆರಿಸೂದು ಕಲಸೂದು ಹೆಂಗ

"ಸರ್, ರೊಕ್ಕಾ ಕೊಟ್ಟು ಕನ್ನಡ ಪೇಜ್ ಮಾಡಿಸೀವಿ, ಲಿಂಕ್ ಒತ್ತಿದ್ರ ಮತ್ತ ಇಂಗ್ಲಿಷ್ ಪೇಜ ಬರತೈತಲ್ರಿ, ಯಾಕ?" ಹುಬ್ಬಳ್ಳಿಯಿಂದ, ಗದಗಿನಿಂದ, ಬ್ಯಾಡಗಿ ಮೆಣಸಿನಕಾಯಿ ಪ್ಯಾಟಿಯಿಂದ, ಎಲ್ಲಾ ಕಡೆಯಿಂದ ಇದ ಪ್ರಶ್ನೆ. ಒಬ್ಬೊಬ್ರಿಗೆ ಫೋನ್‌ನ್ಯಾಗ ಹೇಳಿ ಹೇಳಿ ಬಾಯಿ ಒಣಗೇತಿ, ಅದಕ್ಕ ಒಮ್ಮೆ ಕುಂತು ಪೂರ್ತಿ ಬರದು ಹಾಕಾಕತ್ತೀನಿ, ಇನ್ನ ಮ್ಯಾಲೆ ಕೇಳಿದವ್ರಿಗೆ ಇದನ್ನ ಕಳಸ್ತೀನಿ.

ಇದು ಅಂಗಡಿ, ಸಂಘ, ಸಾಲಿ, ಪ್ರಿಂಟಿಂಗ್ ಪ್ರೆಸ್ ಇಂಥವ್ರ ವೆಬ್‌ಸೈಟ್ ನೋಡಿಕೊಳ್ಳೋ ಹುಡುಗ ಹುಡುಗ್ಯಾರಿಗೆ. ಎರಡೋ ಮೂರೋ ಭಾಷಾದಾಗ ಪೇಜ್ ಅದಾವು, ಬಂದವ್ರಿಗೆ ಅವ್ರ ಭಾಷಾದ್ದ ತಾನಾಗೆ ತೆರೀಬೇಕು, ಇಷ್ಟ ನಮ್ಮ ಕೆಲಸ.

ಏನೇನ್ ಬೇಕು? ಸರ್ವರ್ (ನಿಮ್ಮ ಪೇಜ್ ಇಟ್ಕೊಂಡು ಕೇಳಿದವ್ರಿಗೆ ಕಳಸೋ ಕಂಪ್ಯೂಟರ್) ಸೆಟ್ಟಿಂಗ್ ಬದಲಿ ಮಾಡಾಕ ಬಿಡೋ ಹೋಸ್ಟಿಂಗ್ ಅಕೌಂಟ್ (ಸೈಟ್ ಇಡಾಕ ಬಾಡಿಗಿಗೆ ತಗೊಂಡ ಜಾಗಾ), ಯುನಿಕೋಡ್‌ನ್ಯಾಗ ಟೈಪ್ ಮಾಡಿದ ಕನ್ನಡ ಮ್ಯಾಟರ್ (ಯುನಿಕೋಡ್ ಅಂದ್ರ ಯಾವ ಕಂಪ್ಯೂಟರ್, ಫೋನ್‌ನ್ಯಾಗ ತೆರದ್ರೂ ಕನ್ನಡನ ಕಾಣೋ ಅಕ್ಷರ ಪದ್ಧತಿ), ಒಂದು ಕಂಪ್ಯೂಟರ್ (ಫೋನ್‌ನ್ಯಾಗ ಇದನ್ನ ಮಾಡಾಕ ಹೋಗಬ್ಯಾಡ್ರಿ, ತಲಿ ಕೆಡತೈತಿ), ಮತ್ತ ಸಮಾಧಾನದಿಂದ ಒಂದು ಮಧ್ಯಾಹ್ನ. ಇನ್ನೊಂದು ಮಾತು, ನಾ ಇಲ್ಲೆ ಕಮಾಂಡು, ಕೋಡು ಎಲ್ಲಾ ಕನ್ನಡ ಅಕ್ಷರದಾಗ ಬರದೀನಿ, ಫೈಲ್‌ನ್ಯಾಗ ಹಾಕೋವಾಗ ಅವನ್ನ ಇಂಗ್ಲಿಷ್ ಅಕ್ಷರದಾಗ ಹಾಕ್ರಿ. ಕೆಎನ್ ಅಂತ ಬರದಿದ್ರ ಕೆ ಮತ್ತ ಎನ್, ಎರಡು ಸಣ್ಣ ಅಕ್ಷರ ಅಂತ ತಿಳ್ಕೋರಿ.

ಮೊದಲ ಒಳಗ ಏನ್ ನಡೀತೈತಿ ಅನ್ನೂದು

ನೀವು ಯಾವದರ ಪೇಜ್ ತೆರದಾಗ ಬ್ರೌಸರ್ ಬರೇ "ಈ ಪೇಜ್ ಕೊಡು" ಅಂತ ಕೇಳೂದಿಲ್ಲ, ಅದ್ರ ಜೋಡಿ ಒಂದಿಷ್ಟು ಸಾಲಿನ ಚೀಟಿ ಕಳಸ್ತೈತಿ. ಆ ಸಾಲಿಗೆ ಹೆಡರ್ ಅಂತಾರ. ಅದ್ರಾಗ ಒಂದು ಸಾಲು ಆಕ್ಸೆಪ್ಟ್-ಲ್ಯಾಂಗ್ವೇಜ್, ಅಂದ್ರ "ನನಗ ಯಾವ ಯಾವ ಭಾಷಾ ನಡೀತೈತಿ" ಅನ್ನೋ ಪಟ್ಟಿ. ಕ್ರೋಮ್‌ನ್ಯಾಗ ಕನ್ನಡ ಮೊದಲ ಇಟ್ಟವ್ರದ್ದು ಹೆಚ್ಚೂ ಕಡಿಮಿ ಹಿಂಗ ಇರತೈತಿ:

ಆಕ್ಸೆಪ್ಟ್-ಲ್ಯಾಂಗ್ವೇಜ್: ಕೆಎನ್-ಐಎನ್,ಕೆಎನ್;ಕ್ಯೂ=0.9,ಇಎನ್-ಐಎನ್;ಕ್ಯೂ=0.8,ಇಎನ್;ಕ್ಯೂ=0.7

ಇದ್ರಾಗ ಕ್ಯೂ ಅನ್ನೂದು ಅಂಕಿ, 0ರಿಂದ 1ರ ತನಕ, ಪಾಯಿಂಟ್ ಆದ ಮ್ಯಾಲೆ ಮೂರು ಅಂಕಿ ತನಕ ಬರೀಬಹುದು. ಬರೀದೇ ಬಿಟ್ರ 1 ಅಂತ ಲೆಕ್ಕ. ನೀವು ಖಾನಾವಳಿಗೆ ಹೋಗಿ "ರೊಟ್ಟಿ ಇದ್ರ ರೊಟ್ಟಿ ಕೊಡ್ರಿ, ಇಲ್ಲಂದ್ರ ಚಪಾತಿ, ಅದೂ ಆಗಿಹೋಗಿದ್ರ ಅನ್ನಾನ ನೀಡ್ರಿ" ಅಂತೀರಲ್ಲ, ಅದನ್ನ ಅಂಕಿಯೊಳಗ ಬರದಾರ ಅಷ್ಟ. ಕ್ಯೂ=0 ಅಂದ್ರ "ಅದು ಬ್ಯಾಡೇ ಬ್ಯಾಡ". ಸರ್ವರ್ ಈ ಪಟ್ಟಿ ನೋಡಿ ತನ್ನ ಹಂತ್ಯಾಕ ಇದ್ದ ಪೇಜ್‌ಗಳಿಗೆ ಹೊಂದಿಸಿ ಒಂದನ್ನ ಕೊಡೂದಕ್ಕ ಕಂಟೆಂಟ್ ನೆಗೋಶಿಯೇಶನ್ ಅಂತ ಹೆಸರು, ಅಂದ್ರ ಇಬ್ರೂ ಕೂಡಿ ಚೌಕಾಸಿ ಮಾಡಿಧಂಗ. ಸದ್ಯಕ್ಕ ಇದ್ರ ನಿಯಮಾ ಇರೂದು 2022ರಾಗ ಬಂದ ಆರ್‌ಎಫ್‌ಸಿ 9110ದಾಗ (ಆರ್‌ಎಫ್‌ಸಿ ಅಂದ್ರ ಇಂಟರ್ನೆಟ್ ಹೆಂಗ ನಡೀಬೇಕು ಅನ್ನೋ ಕಾಗದಪತ್ರ), ಆದ್ರ ಈ ವಿಚಾರ 1990ರ ದಶಕದಿಂದನೂ ಐತಿ, ಹೊಸಾದಲ್ಲ.

ಈಗ ಒಂದು ಕಹಿ ಸುದ್ದಿ ಮೊದಲ ಹೇಳಿಬಿಡ್ತೀನಿ, ಯಾಕಂದ್ರ ಮುಂದಿನ ಎಲ್ಲಾ ಹಂತಕ್ಕೂ ಇದು ಬೇಕು. ಆ ಚೀಟಿ ಹೇಳೂದು ಫೋನಿನ ಸೆಟ್ಟಿಂಗ್ ಏನೈತಿ ಅನ್ನೂದನ್ನ. ನಮ್ಮ ಕಡೆ ಎಷ್ಟೋ ಮಂದಿ ಮನಿಯಾಗ, ಪ್ಯಾಟ್ಯಾಗ ಪೂರಾ ಕನ್ನಡ, ಫೋನ್ ಮಾತ್ರ ಅಂಗಡ್ಯಾಗ ಕೊಟ್ಟಾಗ ಹೆಂಗ ಇಂಗ್ಲಿಷ್ ಇತ್ತೋ ಹಂಗ ಇಟ್ಟಿರ್ತಾರ. ಅವ್ರ ಚೀಟಿಯೊಳಗ ಕನ್ನಡದ ಹೆಸರ ಇರೂದಿಲ್ಲ. ನಿಮ್ಮ ಸರ್ವರ್ ಎಷ್ಟ ಶಾಣ್ಯಾ ಇದ್ರೂ ಅವ್ರಿಗೆ ಇಂಗ್ಲಿಷ ಕೊಡತೈತಿ, ಅದು ಸರ್ವರ್ ತಪ್ಪಲ್ಲ. ಹಂಗಾಗಿ ಈ ಚೀಟಿನ್ನ ಸುಳಿವು ಅಂತ ತಗೋರಿ, ಹುಕುಂ ಅಂತ ತಗೋಬ್ಯಾಡ್ರಿ. ಬಂದವ್ರು ತಾವ ಬಟನ್ ಒತ್ತಿ ಕನ್ನಡ ಅಂದ್ರ ಅದು ಚೀಟಿಗಿಂತ ದೊಡ್ಡದು. ಹಂತ 7ರಾಗ ಅದನ್ನ ಮಾಡೂದೈತಿ, ಅದನ್ನ ಬಿಟ್ಟು ಉಳಿದದ್ದೆಲ್ಲಾ ಮಾಡಿದ್ರ ಅರ್ಧಾ ಕೆಲಸ.

ಹಂತ 1: ನಿಮ್ಮ ಬ್ರೌಸರ್ ಏನ್ ಬರದು ಕಳಸಾಕತ್ತೈತಿ ನೋಡ್ರಿ

ಕಂಪ್ಯೂಟರ್‌ನ್ಯಾಗ ಕ್ರೋಮ್ ಅಥವಾ ಫೈರ್‌ಫಾಕ್ಸ್ ತೆರೀರಿ, ನಿಮ್ಮ ಸೈಟ್‌ಗೆ ಹೋಗ್ರಿ, ಎಫ್12 ಒತ್ರಿ, ನೆಟ್‌ವರ್ಕ್ ಅನ್ನೋ ಟ್ಯಾಬ್ ಒತ್ರಿ, ಆಮ್ಯಾಲೆ ಪೇಜ್ ರಿಫ್ರೆಶ್ ಮಾಡ್ರಿ. ಉದ್ದಂದು ಪಟ್ಟಿ ಬರತೈತಿ, ಅದ್ರಾಗ ಎಲ್ಲಾಕ್ಕಿಂತ ಮ್ಯಾಲಿಂದು ನಿಮ್ಮ ಪೇಜು. ಅದನ್ನ ಒತ್ತಿದ್ರ ಬಾಜೂಕ ರಿಕ್ವೆಸ್ಟ್ ಹೆಡರ್ಸ್ ಅಂತ ಕಾಣ್ತೈತಿ, ಅಲ್ಲೆ ಆಕ್ಸೆಪ್ಟ್-ಲ್ಯಾಂಗ್ವೇಜ್ ಹುಡುಕ್ರಿ. ಕೆಎನ್ ಇಲ್ಲಂದ್ರ ಬ್ರೌಸರ್ ಸೆಟ್ಟಿಂಗ್ಸ್‌ನ್ಯಾಗ ಲ್ಯಾಂಗ್ವೇಜಸ್ ಅಂತ ಇರತೈತಿ, ಅಲ್ಲೆ ಕನ್ನಡ ಸೇರಿಸಿ ಅದನ್ನ ಮ್ಯಾಲೆ ಒಯ್ಯಿರಿ.

ಸೇರಿಸಿದ್ರ ಸಾಲೂದಿಲ್ಲ, ಮ್ಯಾಲೆ ಒಯ್ಯಬೇಕು. ಭಾಳ ಮಂದಿ ಕನ್ನಡ ಸೇರಿಸಿ ಅದನ್ನ ತೆಳಗ ಬಿಟ್ಟು "ಬರವಲ್ದು, ಬರವಲ್ದು" ಅಂತಾರ. ಪಟ್ಟಿಯ ಸಾಲು ಹೆಂಗೈತೋ ಕ್ಯೂ ಅಂಕಿ ಹಂಗ ಬೀಳತಾವು.

ಹಂತ 2: ಭಾಷಾದ ಕೋಡ್ ಸರಿ ಐತೇನು

ಕನ್ನಡದ ಕೋಡ್ ಕೆಎನ್. ಕೆಎ ಅಲ್ಲ! ಇದನ್ನ ಎಷ್ಟ ಸಲ ಹೇಳಿದ್ರೂ ಕಡಿಮಿನ, ಯಾಕಂದ್ರ ನಮ್ಮ ಕಣ್ಣಿಗೆ ದಿನಾ ಬೀಳೂದು ಗಾಡಿ ನಂಬರ್ ಪ್ಲೇಟು, ಧಾರವಾಡ ಕೆಎ 25, ಗದಗ ಕೆಎ 26, ಹಾವೇರಿ ಕೆಎ 27, ಹುಬ್ಬಳ್ಳಿ ಕೆಎ 63. ಅದ ರೂಢಿಯೊಳಗ ಕೈ ತಾನಾಗೆ ಕೆಎ ಅಂತ ಟೈಪ್ ಮಾಡ್ತೈತಿ. ಭಾಷಾದ ಪಟ್ಟಿಯೊಳಗ ಕೆಎ ಅಂದ್ರ ಜಾರ್ಜಿಯನ್ ಭಾಷಾ. ಅಂದ್ರ ನೀವು ಜಾರ್ಜಿಯಾ ದೇಶದವ್ರಿಗೆ ಬ್ಯಾಡಗಿ ಮೆಣಸಿನಕಾಯಿ ರೇಟ್ ಕನ್ನಡದಾಗ ತೋರಿಸಾಕತ್ತೀರಿ, ಇಲ್ಲಿ ಮಂದಿಗೆ ಇಂಗ್ಲಿಷ್‌ನ್ಯಾಗ.

ಉಳಿದವು: ಹಿಂದಿ ಎಚ್‌ಐ, ಮರಾಠಿ ಎಂಆರ್, ತೆಲುಗು ಟಿಇ, ಉರ್ದು ಯುಆರ್, ಇಂಗ್ಲಿಷ್ ಇಎನ್. ಕೊಂಕಣಿಗೆ ಎರಡಕ್ಷರದ್ದು ಇಲ್ಲ, ಕೆಒಕೆ ಅಂತ ಮೂರಕ್ಷರ. ಮುಂದ ಐಎನ್ ಹಚ್ಚಿದ್ರ ಭಾರತದ್ದು ಅಂತ ಅರ್ಥ, ಕೆಎನ್-ಐಎನ್ ಹಂಗ. ನಿಮ್ಮ ಪೇಜ್‌ಗೆ ಮಾತ್ರ ಬರೇ ಕೆಎನ್ ಸಾಕು, ಕನ್ನಡಕ್ಕ ದೇಶದ ಹೆಸರು ಹಚ್ಚಿ ಬ್ಯಾರೆ ಮಾಡೋ ಗರಜು ಇಲ್ಲ. ಉರ್ದು ಪೇಜ್ ಇದ್ರ ಅದು ಬಲದಿಂದ ಎಡಕ್ಕ ಓದೂದು, ಅದಕ್ಕ ಎಚ್‌ಟಿಎಂಎಲ್ ಟ್ಯಾಗ್‌ನ್ಯಾಗ (ಪೇಜಿನ ಕೋಡ್ ಶುರುವಾಗೋ ಗುರುತು) ಡಿಐಆರ್ ಅನ್ನೂದನ್ನ ಆರ್‌ಟಿಎಲ್ ಅಂತ ಇಡ್ರಿ, ಮರೀಬ್ಯಾಡ್ರಿ.

ಹಂತ 3: ಪೇಜ್ ತಯಾರ ಮಾಡಿಟ್ಕೋರಿ

ಡಿಟಿಪಿ ಮಾಡೋರ ಕಡೆಯಿಂದ ಮ್ಯಾಟರ್ ತಂದಿದ್ರ ಮೊದಲ ಇದನ್ನ ನೋಡ್ರಿ. ಗದಗಿನ ಪ್ರೆಸ್ಸು, ಹುಬ್ಬಳ್ಳಿ ಪ್ರೆಸ್ಸು, ಎಲ್ಲಾ ಕಡೆ ಹಳೇ ನುಡಿ, ಬರಹ ಫಾಂಟ್‌ನ್ಯಾಗ ಟೈಪ್ ಮಾಡಿದ ಫೈಲ್ ರಾಶಿಗಟ್ಲೆ ಬಿದ್ದಾವು. ಅವು ಆ ಫಾಂಟ್ ಇದ್ದ ಕಂಪ್ಯೂಟರ್‌ನ್ಯಾಗ ಮಾತ್ರ ಕನ್ನಡ ಕಾಣ್ತಾವು, ವೆಬ್‌ಸೈಟ್‌ಗೆ ಹಾಕಿದ್ರ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲಾ ಕಲಸಿ ಚಿತ್ರಾನ್ನ ಆಗತೈತಿ. ಕನ್ವರ್ಟರ್ ಹಾಕಿ ಯುನಿಕೋಡ್‌ಗೆ ತಗೋರಿ, ತಗೊಂಡ ಮ್ಯಾಲೆ ಕಣ್ಣಿಟ್ಟು ಓದ್ರಿ, ಒತ್ತಕ್ಷರ, ಅರ್ಕಾವತ್ತು ಜಿಗಿದಿರ್ತಾವು. ಫೈಲ್ ಸೇವ್ ಮಾಡೋವಾಗ ಯುಟಿಎಫ್-8 (ಯುನಿಕೋಡ್ ಅಕ್ಷರ ಫೈಲ್‌ನ್ಯಾಗ ಇಡೋ ರೀತಿ) ಅನ್ನೂದನ್ನ ಆರಿಸ್ರಿ.

ಪೇಜ್‌ನ ಮೊದಲನೇ ಎಚ್‌ಟಿಎಂಎಲ್ ಟ್ಯಾಗ್‌ನ್ಯಾಗ ಲ್ಯಾಂಗ್ ಅನ್ನೂದಕ್ಕ ಕೆಎನ್ ಅಂತ ಬರೀರಿ. ಕಣ್ಣು ಕಾಣದವ್ರು ಸ್ಕ್ರೀನ್ ರೀಡರ್ (ಪೇಜ್ ಓದಿ ಹೇಳೋ ಸಾಫ್ಟ್‌ವೇರ್) ಇಟ್ಕೊಂಡಿರ್ತಾರ, ಅದು ಈ ಗುರುತು ನೋಡಿನ ಯಾವ ಧ್ವನಿಯೊಳಗ ಓದಬೇಕು ಅಂತ ತಿಳ್ಕೋತೈತಿ. ಇಂಗ್ಲಿಷ್ ಪೇಜ್ ಕಾಪಿ ಮಾಡಿ ಕನ್ನಡ ತುಂಬಿದವ್ರು ಇಲ್ಲೆ ಇಎನ್ ಅಂತನ ಬಿಟ್ಟಿರ್ತಾರ.

ಆಮ್ಯಾಲೆ ಫೈಲ್ ಹೆಸರು. ಅಪಾಚೆ (ಸರ್ವರ್ ನಡಸೋ ಒಂದು ಸಾಫ್ಟ್‌ವೇರ್) ಇದ್ರ ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್ ಡಾಟ್ ಕೆಎನ್ ಅಂತ ಒಂದು, ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್ ಡಾಟ್ ಇಎನ್ ಅಂತ ಇನ್ನೊಂದು. ಕಡೀಗೆ ಭಾಷಾದ ಕೋಡ್ ಬಾಲದಂಗ ಹಚ್ಚೂದು, ಮುಗೀತು.

ಹಂತ 4: ಅಪಾಚೆ ಇದ್ದವ್ರು

ಸಣ್ಣ ಶೇರ್ಡ್ ಹೋಸ್ಟಿಂಗ್ ತಗೊಂಡವ್ರದ್ದು ಭಾಳ ಸಲ ಅಪಾಚೆನ ಇರತೈತಿ. ಅದ್ರಾಗ ಈ ಕೆಲಸಕ್ಕಂತನ ಮಾಡ್-ನೆಗೋಶಿಯೇಶನ್ ಅನ್ನೋ ಮಾಡ್ಯೂಲ್ ಐತಿ. ಸೈಟ್ ಫೋಲ್ಡರ್‌ನ್ಯಾಗ ಡಾಟ್-ಎಚ್‌ಟಿಆ್ಯಕ್ಸೆಸ್ ಅನ್ನೋ ಫೈಲ್ ತೆರದು ಈ ನಾಕು ಸಾಲು ಹಾಕ್ರಿ:

ಆಪ್ಶನ್ಸ್ +ಮಲ್ಟಿವ್ಯೂಸ್
ಆ್ಯಡ್‌ಲ್ಯಾಂಗ್ವೇಜ್ ಕೆಎನ್ .ಕೆಎನ್
ಲ್ಯಾಂಗ್ವೇಜ್‌ಪ್ರಯಾರಿಟಿ ಕೆಎನ್ ಇಎನ್
ಫೋರ್ಸ್‌ಲ್ಯಾಂಗ್ವೇಜ್‌ಪ್ರಯಾರಿಟಿ ಪ್ರಿಫರ್ ಫಾಲ್‌ಬ್ಯಾಕ್

ಒಂದೊಂದ ಸಾಲಿಗೆ ಒಂದೊಂದ ಮಾತು. ಮೊದಲನೇ ಸಾಲು ಸರ್ವರ್‌ಗೆ "ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್ ಕೇಳಿದ್ರ ಅದ ಹೆಸರಿನ ಬ್ಯಾರೆ ಬ್ಯಾರೆ ಬಾಲದ ಫೈಲ್ ಹುಡುಕಿ ಹೊಂದಿಸು" ಅಂತೈತಿ. ಆ ಪ್ಲಸ್ ಚಿಹ್ನೆ ಬಿಟ್ರ ಉಳಿದ ಆಪ್ಶನ್ಸ್ ಎಲ್ಲಾ ಅಳಿಸಿಹೋಗಿ ಇದೊಂದ ಉಳೀತೈತಿ, ಎಚ್ಚರ. ಮತ್ತ "ಆಪ್ಶನ್ಸ್ ಆಲ್ ಅಂತ ಹಾಕೀನಲ್ರಿ, ಎಲ್ಲಾ ಬಂತಲ್ಲ" ಅಂದ್ರ ಇಲ್ರಿ, ಆಲ್ ಅಂದ್ರೂ ಮಲ್ಟಿವ್ಯೂಸ್ ಅದ್ರಾಗ ಬರೂದಿಲ್ಲ, ಹೆಸರು ಹೇಳಿನ ಕರೀಬೇಕು.

ಎರಡನೇ ಸಾಲು ಡಾಟ್ ಕೆಎನ್ ಬಾಲ ಇದ್ದದ್ದು ಕನ್ನಡ ಅಂತ ಪರಿಚಯ ಮಾಡಿಕೊಡೂದು. ಇದನ್ನ ಹಾಕದಿದ್ರ ಆ ಫೈಲ್ ಅಲ್ಲೆ ಕುಂತಿದ್ರೂ ಸರ್ವರ್ ಕಣ್ಣಿಗೆ ಬೀಳೂದಿಲ್ಲ. ಇಂಗ್ಲಿಷ್, ಫ್ರೆಂಚ್ ಇಂಥವಕ್ಕ ಅಪಾಚೆ ಜೋಡಿ ಬರೋ ಮಾದರಿ ಸೆಟ್ಟಿಂಗ್‌ನ್ಯಾಗನ ಸಾಲು ಇರತಾವು, ನಮ್ಮದು ನಾವ ಸೇರಸಬೇಕು. ಇಎನ್ ನಿಮ್ಮ ಹೋಸ್ಟಿಂಗ್‌ನ್ಯಾಗ ಐತೋ ಇಲ್ಲೋ ಅಂತ ಸಂಶಯ ಇದ್ರ ಅದಕ್ಕೂ ಇಂಥಾದ್ದ ಒಂದು ಸಾಲು ಹಾಕ್ರಿ, ಲುಕ್ಸಾನ್ ಏನಿಲ್ಲ.

ಮೂರನೇದು ಮತ್ತ ನಾಕನೇದು ಜೋಡಿ. ಬಂದವ್ರ ಚೀಟಿಯಿಂದ ಏನೂ ತೀರ್ಮಾನ ಆಗದಿದ್ರ ಯಾವದು ಮೊದಲ ಅನ್ನೋ ನಿಮ್ಮ ಮನಸಿನ ಸಾಲು ಇದು. ಪ್ರಿಫರ್ ಅನ್ನೂದು ಎರಡೂ ಭಾಷಾ ಸಮಾ ತೂಗಿದಾಗ ಕೆಲಸಕ್ಕ ಬರತೈತಿ, ಇಲ್ಲಂದ್ರ ಸರ್ವರ್ 300 ಅನ್ನೋ ಉತ್ತರ ಕೊಟ್ಟು "ಇವು ಅದಾವು, ನೀನ ಆರಿಸ್ಕೋ" ಅಂತ ಒಂದು ಬೋಳು ಪಟ್ಟಿ ಮುಂದ ಇಡತೈತಿ. ಫಾಲ್‌ಬ್ಯಾಕ್ ಅನ್ನೂದು ಒಂದೂ ಹೊಂದದಿದ್ದಾಗ. ಅಪಾಚೆಯೊಳಗ ಏನೂ ಹೇಳದಿದ್ರ ಬರೇ ಪ್ರಿಫರ್ ಇರತೈತಿ, ಫಾಲ್‌ಬ್ಯಾಕ್ ಇರೂದಿಲ್ಲ. ಆವಾಗ ತಮಿಳು ಒಂದನ್ನ ಇಟ್ಟವ್ರು ಬಂದ್ರ 406 ಅನ್ನೋ ಎರರ್, ಅಂದ್ರ "ನೀವು ಕೇಳಿದ್ದು ಇಲ್ಲ, ಹೋಗ್ರಿ" ಅಂತ ಬಾಗಲಾ ಹಾಕಿಧಂಗ. ಗಿರಾಕಿನ್ನ ಹಂಗ ಯಾರರ ಕಳಸ್ತಾರೇನು? ನಿಯಮದೊಳಗೂ ಭಾಷಾ ಹೊಂದಲಿಲ್ಲಂತ 406 ಕೊಡೂದಕ್ಕ ಪ್ರೋತ್ಸಾಹ ಇಲ್ಲ ಅಂತನ ಬರದಾರ. ಎರಡೂ ಶಬ್ದ ಹಾಕ್ರಿ.

ಇಲ್ಲೆ ಮಂದಿ ಸಿಗಬೀಳೋ ಜಾಗಾ ಒಂದಿಷ್ಟು ಅದಾವು.

ಹಳೇ ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್, ಬಾಲ ಇಲ್ಲದ್ದು, ಅದ ಫೋಲ್ಡರ್‌ನ್ಯಾಗ ಉಳದಿದ್ರ ಸರ್ವರ್ ಸೀದಾ ಅದನ್ನ ಕೊಡತೈತಿ, ಚೌಕಾಸಿನ ನಡಿಯೂದಿಲ್ಲ. ನನಗ ಫೋನ್ ಮಾಡಿದವ್ರೊಳಗ ಅರ್ಧಕ್ಕರ್ಧ ಮಂದಿ ಕಥಿ ಇದ. ಅದನ್ನ ತಗದು ಬ್ಯಾರೆ ಕಡೆ ಇಡ್ರಿ.

ಸಾಲು ಹಾಕಿದ ಕೂಡಲೇ ಇಡೀ ಸೈಟ್ 500 ಎರರ್ ಕೊಟ್ರ ಗಾಬರಿ ಆಗಬ್ಯಾಡ್ರಿ, ಹೋಸ್ಟಿಂಗ್‌ನವ್ರು ಆ ಫೈಲ್‌ನ್ಯಾಗ ಆಪ್ಶನ್ಸ್ ಬದಲಿ ಮಾಡಾಕ ಬಿಟ್ಟಿಲ್ಲ ಅಂತ ಅರ್ಥ ಇರಬಹುದು. ಸಾಲು ತಗದು, ಅವ್ರಿಗೆ ಅಲೌ-ಓವರ್‌ರೈಡ್ ಒಳಗ ಆಪ್ಶನ್ಸ್ ಮತ್ತ ಫೈಲ್‌ಇನ್ಫೋ ಬಿಡ್ರಿ ಅಂತ ಕೇಳ್ರಿ.

ವರ್ಡ್‌ಪ್ರೆಸ್, ಲಾರಾವೆಲ್ ಇಂಥವು (ಸೈಟ್ ಕಟ್ಟೋ ಸಿದ್ಧ ಸಾಫ್ಟ್‌ವೇರ್) ಇದ್ದವ್ರು ಈ ಹಂತ ಮಾಡಲೇಬ್ಯಾಡ್ರಿ. ಅವು ವಿಳಾಸಗಳನ್ನ ತಾವ ತಿರುವಿ ಹಾಕ್ತಾವು, ಮಲ್ಟಿವ್ಯೂಸ್ ನಡಬರಕ ಕೈ ಹಾಕಿದ್ರ ಎರಡೂ ಜಗಳಾಡ್ತಾವು. ಲಾರಾವೆಲ್ ತನ್ನ ಫೈಲ್‌ನ್ಯಾಗ ಮಲ್ಟಿವ್ಯೂಸ್‌ನ ಮೈನಸ್ ಹಚ್ಚಿ ಬಂದ್ ಮಾಡೇ ಕೊಟ್ಟಿರತೈತಿ. ವರ್ಡ್‌ಪ್ರೆಸ್‌ಗೆ ಪಾಲಿಲ್ಯಾಂಗ್‌ನಂಥ ಪ್ಲಗಿನ್ ಹಾಕ್ರಿ, ಅದ್ರಾಗ ಬ್ರೌಸರ್ ಭಾಷಾ ನೋಡೋ ಆಯ್ಕೆ ಐತಿ.

ಈಗ ಎಲ್ಲಾಕ್ಕಿಂತ ಸೂಕ್ಷ್ಮದ್ದು, ಇದು ಗೊತ್ತಿಲ್ಲದ ನಾನೂ ಒಂದು ರಾತ್ರಿ ಪೂರಾ ತಲಿ ಕೆರಕೊಂಡೀನಿ. ಚೀಟಿಯೊಳಗ "ಕೆಎನ್-ಐಎನ್,ಇಎನ್;ಕ್ಯೂ=0.8" ಅಂತ ಇಷ್ಟ ಐತಿ ಅಂತ ತಿಳ್ಕೋರಿ. ನಿಮ್ಮ ಹಂತ್ಯಾಕ ಕೆಎನ್ ಐತಿ, ಇಎನ್ ಐತಿ. ಯಾರಿಗರ ಕೇಳಿದ್ರ ಕನ್ನಡ ಬರಬೇಕು ಅಂತಾರ. ಅಪಾಚೆ ಇಂಗ್ಲಿಷ್ ಕೊಡತೈತಿ! ಯಾಕಂದ್ರ ಬಂದವ್ರು ಕೇಳಿದ್ದು "ಭಾರತದ ಕನ್ನಡ", ನೀವು ಇಟ್ಟಿದ್ದು ಬರೇ "ಕನ್ನಡ", ಲೆಕ್ಕದ ಪ್ರಕಾರ ಅದು ಇದ್ರೊಳಗ ಬರೂದಿಲ್ಲ. ಅಪಾಚೆ ಸ್ವಲ್ಪ ದಯಾ ತೋರಿಸಿ ಬರೇ ಕನ್ನಡಕ್ಕ ತಾನ ಒಂದು ಭಾಳ ಸಣ್ಣ ಅಂಕಿ ಕೊಡತೈತಿ, ಆದ್ರ ಇಂಗ್ಲಿಷ್‌ಗೆ 0.8 ಇದ್ದಾಗ ಅದು ಎಲ್ಲಿ ಗೆಲ್ಲಬೇಕು. ಕ್ರೋಮ್, ಫೈರ್‌ಫಾಕ್ಸ್ ಸರಿಯಾಗಿ ಸೆಟ್ ಮಾಡಿದ್ರ ಕೆಎನ್-ಐಎನ್ ಹಿಂದಿನ್ಯಾಗ ಬರೇ ಕೆಎನ್‌ನೂ ಹಾಕ್ತಾವು ಅಂತ ತ್ರಾಸಿಲ್ಲ, ಆದ್ರ ಕೆಲವು ಆ್ಯಪ್ ಒಳಗಿನ ಬ್ರೌಸರ್, ಕೈಲೆ ಬರದ ಪ್ರೋಗ್ರಾಂ ಹಂಗ ಹಾಕೂದಿಲ್ಲ. ಅದಕ್ಕ ಉಪಾಯ ಸರಳ ಐತಿ, ಕನ್ನಡ ಫೈಲ್‌ದ ಇನ್ನೊಂದು ಕಾಪಿ ಮಾಡಿ ಅದ್ರ ಬಾಲಕ್ಕ ಕೆಎನ್-ಐಎನ್ ಅಂತ ಇಟ್ಟು, ಆ್ಯಡ್‌ಲ್ಯಾಂಗ್ವೇಜ್‌ನ್ಯಾಗ ಅದಕ್ಕೂ ಒಂದು ಸಾಲು ಹಾಕೂದು. ಸರ್ವರ್‌ನ್ಯಾಗ ಲಿಂಕ್ ಮಾಡಾಕ ಬರೋರು ಕಾಪಿ ಬದಲಿ ಲಿಂಕ್ ಮಾಡ್ರಿ, ಎರಡು ಕಡೆ ತಿದ್ದೋ ಕಿರಿಕಿರಿ ತಪ್ಪತೈತಿ.

ಹಂತ 5: ಎಂಜಿನ್‌ಎಕ್ಸ್ ಅಥವಾ ಸ್ವಂತ ಕೋಡ್ ಇದ್ದವ್ರು

ಎಂಜಿನ್‌ಎಕ್ಸ್ ಅಪಾಚೆಯಂಥಾದ್ದ ಇನ್ನೊಂದು ಸರ್ವರ್ ಸಾಫ್ಟ್‌ವೇರ್, ಅದ್ರಾಗ ಈ ಚೌಕಾಸಿ ತಾನಾಗೆ ಮಾಡೋ ಸೌಲತ್ತು ಹುಟ್ಟಾ ಇಲ್ಲ. ಮಂದಿ ಮ್ಯಾಪ್ ಅನ್ನೋ ತುಣುಕು ಬರದು, ಹೆಡರ್ ಕೆಎನ್‌ದಿಂದ ಶುರು ಆದ್ರ ಕನ್ನಡ, ಇಲ್ಲಂದ್ರ ಇಂಗ್ಲಿಷ್ ಅಂತ ಮಾಡ್ತಾರ. ಬ್ರೌಸರ್‌ಗಳು ಇಷ್ಟದ್ದನ್ನ ಮೊದಲ ಬರಿಯೂದ್ರಿಂದ ಸಣ್ಣ ಸೈಟ್‌ಗೆ ನಡೀತೈತಿ. ಆದ್ರ "ಶುರುವಿನ್ಯಾಗ" ಅನ್ನೋ ಗುರುತು ಹಾಕದ ಬರೇ "ಎಲ್ಲಿದ್ರೂ ಸೈ" ಅಂತ ಬರದ್ರ, ಇಂಗ್ಲಿಷ್ ಮೊದಲ ಇಟ್ಟು ಕನ್ನಡ ಕಡೀಗೆ ಇಟ್ಟವ್ರಿಗೂ ಕನ್ನಡ ಬರತೈತಿ.

ಪಿಎಚ್‌ಪಿ (ಸೈಟ್‌ನ ಕೋಡ್ ಬರಿಯೋ ಒಂದು ಭಾಷಾ) ಬರಿಯೋರು ಭಾಳ ಮಂದಿ ಮಾಡೂದು ಏನಂದ್ರ ಹೆಡರ್‌ನ ಮೊದಲನೇ ಎರಡಕ್ಷರ ಕತ್ತರಿಸಿ ತಗೊಂಡು ಅದ ಭಾಷಾ ಅನ್ನೂದು. ಕಾರವಾರದ ಕಡೆಯವ್ರು ಕೊಂಕಣಿ ಇಟ್ಕೊಂಡು ಬಂದ್ರಂದ್ರ ಕೆಒಕೆ ಕತ್ತರಿಸಿ ಕೆಒ ಉಳೀತೈತಿ, ಕೆಒ ಅಂದ್ರ ಕೊರಿಯನ್. ನೀವು ಕೊರಿಯನ್ ಪೇಜ್ ಇಟ್ಟಿರೂದಿಲ್ಲ ಖರೆ, ಆದ್ರ ಹಿಂಗ ಕತ್ತರಿಸೂದ್ರಾಗ ಕ್ಯೂ ಅಂಕಿ, ಎರಡನೇ ಆಯ್ಕೆ ಎಲ್ಲಾ ಕಸದ ಬುಟ್ಟಿಗೆ ಹೋಗತಾವು. ಸಿದ್ಧ ಸಾಮಾನು ಇರೋವಾಗ ಕೈಲೆ ಕತ್ತರಿಸೂದು ಯಾಕ? ಪಿಎಚ್‌ಪಿಯೊಳಗ ಇಂಟ್ಲ್ ಎಕ್ಸ್‌ಟೆನ್ಶನ್‌ದ ಲೊಕೇಲ್ ಕ್ಲಾಸ್‌ನ್ಯಾಗ ಆಕ್ಸೆಪ್ಟ್-ಫ್ರಮ್-ಎಚ್‌ಟಿಟಿಪಿ ಐತಿ, ಎಕ್ಸ್‌ಪ್ರೆಸ್‌ನ್ಯಾಗ (ಇದೂ, ಮುಂದ ಬರೋ ಜಾಂಗೋನೂ ಸೈಟ್ ಕಟ್ಟೋ ಸಿದ್ಧ ಕೋಡ್ ಚೌಕಟ್ಟು) ಆಕ್ಸೆಪ್ಟ್ಸ್-ಲ್ಯಾಂಗ್ವೇಜಸ್ ಐತಿ. ಜಾಂಗೋದಾಗ ಲೊಕೇಲ್ ಮಿಡಲ್‌ವೇರ್ ಅಂತ ಐತಿ, ಅದ್ರ ನಡಿಗಿ ನನಗ ಭಾಳ ಪಾಡ ಅನಸ್ತೈತಿ: ಮೊದಲ ವಿಳಾಸದಾಗ ಭಾಷಾ ಐತೇನು ನೋಡ್ತೈತಿ, ಇಲ್ಲಂದ್ರ ಕುಕೀ (ಬ್ರೌಸರ್‌ನ್ಯಾಗ ಸೈಟ್ ಇಡೋ ಸಣ್ಣ ನೆನಪಿನ ಚೀಟಿ), ಅದೂ ಇಲ್ಲಂದ್ರ ಈ ಹೆಡರ್, ಕಡೀಗೆ ಸೈಟ್‌ದ ಡಿಫಾಲ್ಟ್ ಭಾಷಾ. ನೀವು ಯಾವ ಭಾಷಾದಾಗ ಕೋಡ್ ಬರದ್ರೂ ಇದ ಸಾಲು ಇಟ್ಕೋರಿ.

ಐಪಿ ವಿಳಾಸ (ಇಂಟರ್ನೆಟ್‌ನ್ಯಾಗ ಬಂದವ್ರ ಕನೆಕ್ಷನ್‌ಗೆ ಇರೋ ನಂಬರ್) ನೋಡಿ ಊರು ತಿಳ್ಕೊಂಡು ಭಾಷಾ ಕೊಡೋಣು ಅಂತ ಶಾಣ್ಯಾತನ ಮಾಡಬ್ಯಾಡ್ರಿ. ಹುಬ್ಬಳ್ಳಿಯಾಗ ಕುಂತವ್ರ ಮೊಬೈಲ್ ನೆಟ್ ಬ್ಯಾರೆ ರಾಜ್ಯದ್ದು ಅಂತ ತೋರಿಸಬಹುದು, ಮತ್ತ ಊರು ಗೊತ್ತಾದ್ರೂ ಮಾತು ಗೊತ್ತಾಗೂದಿಲ್ಲ. ಹುಬ್ಬಳ್ಳಿ ಒಂದ ಓಣ್ಯಾಗ ಕನ್ನಡ, ಉರ್ದು, ಮರಾಠಿ, ಕೊಂಕಣಿ ಎಲ್ಲಾ ಇರತಾವಲ್ರಿ.

ಹಂತ 6: ವೇರಿ ಹೆಡರ್, ಇದನ್ನ ಬಿಟ್ರ ಎಲ್ಲಾ ಕೆಡತೈತಿ

ಸರ್ವರ್ ಮತ್ತ ಮಂದಿ ನಡಬರಕ ಕ್ಯಾಶ್ ಅಂತ ಇರತೈತಿ, ಒಮ್ಮೆ ಕೊಟ್ಟ ಪೇಜ್ ಇಟ್ಕೊಂಡು ಮುಂದಿನವ್ರಿಗೆ ಅದನ್ನ ಕೊಡೂದು ಅದ್ರ ಕೆಲಸ. ಸಿಡಿಎನ್ ಅನ್ನೂದೂ ಇಂಥಾದ್ದ, ಊರೂರಿಗೆ ಇಟ್ಟ ಗೋದಾಮು. ಈಗ ವಿಳಾಸ ಒಂದ ಐತಿ, ಪೇಜ್ ಎರಡು. ಮುಂಜಾನೆ ಮೊದಲ ಬಂದವ್ರು ಇಂಗ್ಲಿಷ್‌ನವ್ರು ಆದ್ರ ಕ್ಯಾಶ್ ಅದನ್ನ ಇಟ್ಕೊಂಡು ಹಿಂದ ಬಂದ ಎಲ್ರಿಗೂ ಇಂಗ್ಲಿಷ ಹಂಚತೈತಿ. ನಾ ಒಬ್ರ ಸೈಟ್‌ನ್ಯಾಗ ಹಿಂಗ ಮಾಡಿ ಬೈಸಿಕೊಂಡೀನಿ, ನನ್ನ ಕಂಪ್ಯೂಟರ್‌ನ್ಯಾಗ ಕನ್ನಡ ಬರತಿತ್ತು, ಅವ್ರ ಅಂಗಡ್ಯಾಗ ಇಂಗ್ಲಿಷ್, ಇಬ್ರೂ ಒಬ್ರನ್ನೊಬ್ರು ಸುಳ್ಳ ಹೇಳ್ತೀರಿ ಅನ್ನೂದು.

ಇದಕ್ಕ ಮದ್ದು ಅಂದ್ರ ಸರ್ವರ್ ಉತ್ತರದ ಜೋಡಿ "ವೇರಿ: ಆಕ್ಸೆಪ್ಟ್-ಲ್ಯಾಂಗ್ವೇಜ್" ಅನ್ನೋ ಹೆಡರ್ ಕಳಸೂದು, "ಈ ಪೇಜ್ ಕೇಳಿದವ್ರ ಭಾಷಾದ ಮ್ಯಾಲೆ ಬದಲಾಗತೈತಿ, ಎಲ್ರಿಗೂ ಒಂದ ಹಂಚಬ್ಯಾಡ" ಅಂತ ಕ್ಯಾಶ್‌ಗೆ ಹೇಳಿಧಂಗ. ಅಪಾಚೆ ಮಲ್ಟಿವ್ಯೂಸ್ ಇದನ್ನ ತಾನ ಹಾಕತೈತಿ, ಎಂಜಿನ್‌ಎಕ್ಸ್ ಮತ್ತ ಸ್ವಂತ ಕೋಡ್‌ನವ್ರು ಕೈಲೆ ಹಾಕಬೇಕು. ಜೋಡಿ "ಕಂಟೆಂಟ್-ಲ್ಯಾಂಗ್ವೇಜ್: ಕೆಎನ್" ಅಂತನೂ ಕಳಸ್ರಿ, ಕೊಟ್ಟಿದ್ದು ಯಾವ ಭಾಷಾದ್ದು ಅನ್ನೋ ಲೇಬಲ್ ಅದು.

ಆದ್ರ ಕೆಲವು ಸಿಡಿಎನ್ ಈ ವೇರಿ ಮಾತು ಕೇಳೂದಿಲ್ಲ, ಕೇಳಿದ್ರೂ ಒಬ್ಬೊಬ್ರ ಚೀಟಿ ಒಂದೊಂದ ನಮೂನಿ ಇರೂದ್ರಿಂದ ಒಂದ ಕನ್ನಡ ಪೇಜಿಂದ ನೂರಾರು ಕಾಪಿ ಆಗಿ ಕ್ಯಾಶ್‌ದ ಉಪಯೋಗನ ಇರೂದಿಲ್ಲ. ಹಂಗಾಗಿ ನನ್ನ ಕೇಳಿದ್ರ ಮುಂದಿನ ಹಂತದಾಗಿನ ದಾರಿನ ಚೊಲೊ.

ಹಂತ 7: ಬ್ಯಾರೆ ವಿಳಾಸ, ಮತ್ತ ಒಂದು ಬಟನ್

ಪ್ರತಿ ಭಾಷಾಕ್ಕ ಬ್ಯಾರೆ ವಿಳಾಸ ಮಾಡ್ರಿ, ಸೈಟ್ ಹೆಸರಿನ ಮುಂದ ಓರೆ ಗೆರಿ (ಸ್ಲ್ಯಾಶ್) ಎಳದು ಕೆಎನ್ ಇದ್ರ ಕನ್ನಡ, ಇಎನ್ ಇದ್ರ ಇಂಗ್ಲಿಷ್. ಇದಕ್ಕ ಪೇಜ್‌ಗಳನ್ನ ಕೆಎನ್, ಇಎನ್ ಅನ್ನೋ ಎರಡು ಫೋಲ್ಡರ್‌ನ್ಯಾಗ ಇಟ್ರ ಆತು, ಹಂತ 4ರ ಬಾಲ ಬರೇ ಮನಿ ಬಾಗಲಾದಾಗ, ಅಂದ್ರ ಖಾಲಿ ವಿಳಾಸದಾಗ ಬೇಕು. ಚೌಕಾಸಿ ನಡಿಯೂದು ಅಲ್ಲಿ ಅಷ್ಟ, ಅಲ್ಲಿಂದ ಹೊಂದೋ ಕಡೆ ಕಳಿಸಿಬಿಡೂದು. ಹಂಗ ಕಳಸೋವಾಗ 302 ರಿಡೈರೆಕ್ಟ್ (ಸದ್ಯಕ್ಕ ಆ ವಿಳಾಸಕ್ಕ ಹೋಗು ಅನ್ನೋ ಉತ್ತರ) ಉಪಯೋಗ ಮಾಡ್ರಿ, 301 ಬ್ಯಾಡ. 301 ಅಂದ್ರ "ಕಾಯಂ ಅಲ್ಲಿಗೇ ಹೋಗು" ಅಂತ, ಬ್ರೌಸರ್ ಅದನ್ನ ನೆನಪಿಟ್ಕೊಂಡ್ರ ಮುಂದ ಭಾಷಾ ಬದಲಿ ಮಾಡಿದ್ರೂ ಹಳೇ ಕಡೆನ ಓಡತೈತಿ.

ಯಾರರ ಕನ್ನಡ ಪೇಜ್‌ದ ಲಿಂಕ್ ವಾಟ್ಸಾಪ್‌ನ್ಯಾಗ ಕಳಿಸಿದ್ರ, ಒತ್ತಿದವ್ರಿಗೆ ಕನ್ನಡನ ತೆರೀಬೇಕು. ಅವ್ರ ಫೋನ್ ಇಂಗ್ಲಿಷ್ ಐತಿ ಅಂತ ಒಳಗಿನ ಪೇಜ್‌ದಿಂದ ಎತ್ತಿ ಇಂಗ್ಲಿಷ್‌ಗೆ ಒಗೀಬ್ಯಾಡ್ರಿ, ಅದಕ್ಕಿಂತ ಸಿಟ್ಟು ಬರ್ಸೂದು ಇನ್ನೊಂದಿಲ್ಲ.

ಬಟನ್ ಪೇಜಿನ ಮ್ಯಾಲ್ಗಡೆ, ಕಣ್ಣಿಗೆ ಬೀಳೋ ಹಂಗ. ಭಾಷಾದ ಹೆಸರನ್ನ ಅದ ಭಾಷಾದ ಲಿಪಿಯೊಳಗ ಬರೀರಿ, ಕನ್ನಡ ಓದಾಕ ಬರೋರು ಹುಡುಕೂದು "ಕನ್ನಡ" ಅನ್ನೋ ಮೂರು ಅಕ್ಷರನ್ನ. ಬಾವುಟದ ಚಿತ್ರ ಹಾಕಬ್ಯಾಡ್ರಿ, ಭಾರತದ ಬಾವುಟ ಹಾಕಿ ಯಾವ ಭಾಷಾ ಅಂತ ತಿಳೀಬೇಕು? ಮತ್ತ ಮೆಣಸಿನಕಾಯಿ ರೇಟ್ ಪೇಜ್‌ನ್ಯಾಗ ಇದ್ದವ್ರು ಬಟನ್ ಒತ್ತಿದ್ರ ಕನ್ನಡ ರೇಟ್ ಪೇಜ ಬರಬೇಕು, ಮತ್ತ ಮೊದಲನೇ ಪೇಜ್‌ಗೆ ಒಯ್ದು ಒಗಿಯೂದಲ್ಲ.

ಒತ್ತಿದ್ದನ್ನ ಕುಕೀಯೊಳಗ ಬರದಿಡ್ರಿ. ಅಪಾಚೆಯೊಳಗ ಸೆಟ್‌ಎನ್‌ವ್‌ಇಫ್ ಅನ್ನೋ ಸಾಲಿಂದ ಆ ಕುಕೀ ಓದಿ ಪ್ರಿಫರ್-ಲ್ಯಾಂಗ್ವೇಜ್ ಅನ್ನೋ ವೇರಿಯಬಲ್‌ಗೆ ಹಾಕಿದ್ರ ಚೌಕಾಸಿಯೊಳಗ ಅದ ಮೊದಲ ನಿಲ್ಲತೈತಿ. ಆ ಸಾಲು ಬರಿಯೋವಾಗ "ಸಮ ಚಿಹ್ನೆ ಆದ ಮ್ಯಾಲೆ ಇದ್ದದ್ದೆಲ್ಲಾ ತಗೋ" ಅಂತ ಬರದ್ರ ಹಿಂದಿನ ಬ್ಯಾರೆ ಕುಕೀಗಳೂ ಜೋಡಿ ಅಂಟಿಕೊಂಡು ಬರತಾವು, ಎರಡ ಅಕ್ಷರ ತಗೋ ಅಂತ ಕಟ್ಟ ಹಾಕ್ರಿ. ವೇರಿ ಹೆಡರ್‌ಗೂ ಕುಕೀ ಅನ್ನೋ ಶಬ್ದ ಸೇರಸ್ರಿ.

ಹಂತ 8: ಗೂಗಲ್‌ಗೆ ಹೇಳ್ರಿ

ಗೂಗಲ್ ಪೇಜ್ ಓದಾಕ ಕಳಸೋ ಗೂಗಲ್‌ಬಾಟ್ ಭಾಷಾದ ಚೀಟಿ ತರೂದಿಲ್ಲ. ಒಂದ ವಿಳಾಸ ಇಟ್ಟು ಹೆಡರ್ ಮ್ಯಾಲೆನ ಎಲ್ಲಾ ನಡಿಸಿದ್ರ ಅದಕ್ಕ ಡಿಫಾಲ್ಟ್ ಪೇಜ್ ಒಂದ ಕಾಣೂದು, ಇನ್ನೊಂದು ಐತಿ ಅಂತನ ಗೊತ್ತಾಗೂದಿಲ್ಲ. ಬ್ಯಾರೆ ವಿಳಾಸ ಮಾಡಾಕ ಹೇಳಿದ್ದಕ್ಕ ಇದೂ ಒಂದು ಕಾರಣ. ಪ್ರತಿ ಪೇಜ್‌ನ ಹೆಡ್ ಭಾಗದಾಗ ಎಚ್‌ಆರ್‌ಇಎಫ್-ಲ್ಯಾಂಗ್ ಅನ್ನೋ ಲಿಂಕ್ ಹಾಕ್ರಿ: ಇದ್ರ ಕನ್ನಡ ಇಲ್ಲೈತಿ, ಇಂಗ್ಲಿಷ್ ಇಲ್ಲೈತಿ, ಎರಡೂ ಹೊಂದದವ್ರಿಗೆ ಎಕ್ಸ್-ಡಿಫಾಲ್ಟ್ ಇದು. ಕನ್ನಡ ಪೇಜ್ ಇಂಗ್ಲಿಷ್ ಕಡೆ ತೋರಿಸಿದ್ರ ಇಂಗ್ಲಿಷೂ ತಿರುಗಿ ಕನ್ನಡದ ಕಡೆ ತೋರಿಸಬೇಕು, ತನ್ನನ್ನ ತಾನೂ ಪಟ್ಟಿಯೊಳಗ ಇಟ್ಕೋಬೇಕು. ಒಂದ ಕಡೆ ಹಾಕಿ ಇನ್ನೊಂದು ಕಡೆ ಮರತ್ರ ಗೂಗಲ್ ಆ ಜೋಡಿನ್ನ ಲೆಕ್ಕಕ್ಕ ತಗೋಳೂದಿಲ್ಲ.

ಹಂತ 9: ಪರೀಕ್ಷಾ

ಬ್ರೌಸರ್‌ನ್ಯಾಗ ಬರೇ ರಿಫ್ರೆಶ್ ಮಾಡಿ ನೋಡಿದ್ರ ಮೋಸ ಹೋಗತೀರಿ, ಹಳೇದನ್ನ ತೋರಿಸ್ತಿರತೈತಿ. ಕರ್ಲ್ ಅನ್ನೋ ಕಮಾಂಡ್ ಉಪಯೋಗ ಮಾಡ್ರಿ, ವಿಂಡೋಸ್ 10, 11ರಾಗೂ ಇರತೈತಿ. ಹೈಫನ್ ದೊಡ್ಡ ಐ ಹಾಕಿದ್ರ ಬರೇ ಹೆಡರ್ ತೋರಿಸ್ತೈತಿ, ಹೈಫನ್ ದೊಡ್ಡ ಎಚ್ ಹಾಕಿ ಕೋಟ್ ಒಳಗ ಆಕ್ಸೆಪ್ಟ್-ಲ್ಯಾಂಗ್ವೇಜ್ ಸಾಲು ಬರದ್ರ ನಿಮಗ ಬೇಕಾದ ಚೀಟಿ ಕಳಸಬಹುದು. ಐದು ಸಲ ಓಡಿಸ್ರಿ.

ಮೊದಲ ಬರೇ ಕೆಎನ್, ಕನ್ನಡ ಬರಬೇಕು. ಆಮ್ಯಾಲೆ ಬರೇ ಇಎನ್, ಇಂಗ್ಲಿಷ್. ಮೂರನೇದು ಬರೇ ಟಿಎ, ಅಂದ್ರ ನಿಮ್ಮ ಹಂತ್ಯಾಕ ಇಲ್ಲದ ತಮಿಳು, ಇದಕ್ಕ 406 ಬರದ ನೀವು ಹೇಳಿದ ಡಿಫಾಲ್ಟ್ ಬರಬೇಕು. ನಾಕನೇದು "ಕೆಎನ್-ಐಎನ್,ಇಎನ್;ಕ್ಯೂ=0.8", ಹಂತ 4ರ ಆ ಸೂಕ್ಷ್ಮ ಇಲ್ಲೆ ಹೊರಗ ಬೀಳತೈತಿ. ಐದನೇದು ಹೆಡರ್ ಇಲ್ಲದ, ಗೂಗಲ್‌ಬಾಟ್ ಬಂಧಂಗ. ಪ್ರತಿ ಉತ್ತರದಾಗ ಕಂಟೆಂಟ್-ಲ್ಯಾಂಗ್ವೇಜ್ ಏನೈತಿ, ವೇರಿ ಐತೋ ಇಲ್ಲೋ, ಎರಡ ಸಾಲು ನೋಡಿದ್ರ ಸಾಕು. ಹಂತ 7ರ ರಿಡೈರೆಕ್ಟ್ ಹಾಕಿದವ್ರಿಗೆ 302 ಅಂತ ಬರತೈತಿ, ಅವ್ರು ಲೊಕೇಶನ್ ಅನ್ನೋ ಸಾಲಿನ್ಯಾಗ ಕೆಎನ್ ಕಡೆ ಹೊಂಟೈತೋ ಇಎನ್ ಕಡೆ ಹೊಂಟೈತೋ ನೋಡ್ರಿ.

ಕಂಪ್ಯೂಟರ್ ಪರೀಕ್ಷಾ ಆದ ಮ್ಯಾಲೆ ಅಂಗಡ್ಯಾಗ ಲೆಕ್ಕ ಬರಿಯೋ ಅಣ್ಣಾರ ಕೈಯಾಗ ಅವ್ರದ್ದ ಫೋನ್ ಕೊಟ್ಟು ಸೈಟ್ ತೆರೀರಿ ಅನ್ರಿ, ಸೆಟ್ಟಿಂಗ್ ಏನೂ ಮುಟ್ಟಬ್ಯಾಡ್ರಿ. ಇಂಗ್ಲಿಷ್ ಬಂತಂದ್ರ ಅವ್ರು ಕನ್ನಡ ಬಟನ್ ತಾವಾಗೆ ಹುಡುಕ್ತಾರೋ ಇಲ್ಲೋ ಅಂತ ಸುಮ್ನ ನಿಂತು ನೋಡ್ರಿ. ನಿಮ್ಮನ್ನ ಕೇಳಿದ್ರಂದ್ರ ಬಟನ್ ಇನ್ನೂ ದೊಡ್ಡದು ಮಾಡ್ರಿ.